ಹೆಸರು ಕೇಳಿದ್ದೀರಿ, ಹೇಳುತ್ತೇವೆ: ತಿಪ್ಪಮ್ಮನಿಂದ ಕೋಫಿಯವರೆಗೆ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರಿಂದ ಈ ಸಲ ಹೆಸರುಗಳ ಬಗ್ಗೆಯೇ ಹೆಚ್ಚು ಪತ್ರ ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ನಮ್ಮ ಆಯಿ ಹೆಸರು ತಿಪ್ಪಮ್ಮ. ಕಾಲೇಜಿಗೆ ಹೋಗೋ ಮಗಳಿಗೆ ಈ ಹೆಸರು ಹೇಳಾಕ ನಾಚಿಕೆ ಆಗತೈತಿ. ಕೂಸಿಗೆ ತಿಪ್ಪಿ ಹೆಸರು ಯಾಕ ಇಟ್ಟರು?
— ಕೊಪ್ಪಳ ತಾಲ್ಲೂಕು

ನಾಚಿಕೆಪಡುವ ಹೆಸರೇ ಅಲ್ಲ ಇದು. ಕೂಸು ಉಳಿಯಲೆಂದು ಇಟ್ಟ ಹೆಸರು. ಹುಟ್ಟಿದ ಮಕ್ಕಳು ಒಂದರ ಹಿಂದೊಂದು ತೀರಿಕೊಂಡ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿದರೆ, ಅದನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿ ಬರುತ್ತಿದ್ದರು. ಬೇರೆಯವರು ಎತ್ತಿಕೊಂಡು ತಂದುಕೊಡುತ್ತಿದ್ದರು. ಬೇಡವೆಂದು ಬಿಸಾಕಿದ ಕೂಸಿನ ಮೇಲೆ ಸಾವಿನ ಕಣ್ಣಾಗಲಿ ಕೆಟ್ಟ ದೃಷ್ಟಿಯಾಗಲಿ ಬೀಳುವುದಿಲ್ಲ ಎಂಬುದು ನಂಬಿಕೆ. ತೆಲುಗಿನ ಪೆಂಟಯ್ಯ, ಪೆಂಟಮ್ಮ, ತಮಿಳಿನ ಕುಪ್ಪುಸ್ವಾಮಿ, ಕುಪ್ಪಮ್ಮ ಕೂಡ ಇದೇ ಜಾಡಿನವು. ಅಲ್ಲಿ ಪೆಂಟ, ಕುಪ್ಪೈ ಎಂದರೆ ಕಸ, ತಿಪ್ಪೆ. ನಮ್ಮ ಕಡೆಯ ಕಲ್ಲಪ್ಪ, ಗುಂಡಪ್ಪ, ಅಡಿವೆಪ್ಪ, ತಿರುಕಪ್ಪಗಳಲ್ಲೂ ಹಲವು ಹೀಗೆ ಹುಟ್ಟಿದವು. ಹಲವು ಎಂದದ್ದು ಬೇಕೆಂದೇ. ತಿಪ್ಪೇಸ್ವಾಮಿ, ತಿಪ್ಪೇಶ, ತಿಪ್ಪಮ್ಮ ಎಂಬ ಹೆಸರು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಮನೆಗಳಲ್ಲಿ ಭಕ್ತಿಯಿಂದಲೂ ಬರುತ್ತವೆ.

ನಿಮ್ಮ ಆಯಿಯದು ಯಾವ ಬಗೆ ಎಂದು ತಿಳಿಯಲು ಮನೆಯ ಹಿರಿಯರನ್ನು ಮೂರು ಮಾತು ಕೇಳಿ. ಅವರಿಗಿಂತ ಮೊದಲು ಹುಟ್ಟಿದ ಮಕ್ಕಳು ಉಳಿದಿದ್ದರೇ? ಮನೆದೇವರು ಯಾರು, ಯಾವ ಜಾತ್ರೆಗೆ ಹೋಗುತ್ತಿದ್ದರು? ಅದೇ ಹೆಸರು ಅವರ ಅಜ್ಜಿಗೋ ಮುತ್ತಜ್ಜಿಗೋ ಇತ್ತೇ? ಮೊದಲನೆಯದಕ್ಕೆ ‘ಇಲ್ಲ’ ಎಂದು ಬಂದರೆ ಕೂಸು ಉಳಿಯಲೆಂದು ಇಟ್ಟ ಹೆಸರು. ಎರಡನೆಯದಕ್ಕೆ ನಾಯಕನಹಟ್ಟಿ ಎಂದು ಬಂದರೆ ದೇವರದು. ಮೂರನೆಯದಕ್ಕೆ ‘ಹೌದು’ ಎಂದಾದರೆ, ಮೂಲದ ಕಾರಣ ಇನ್ನೂ ಒಂದೆರಡು ತಲೆಮಾರು ಹಿಂದಿದೆ.

ಮಗಳಿಗೆ ಇದನ್ನೂ ಹೇಳಿ. ಮಂಗೋಲಿಯಾದಲ್ಲಿ ನೆರ್ಗುಯಿ ಎಂದರೆ ‘ಹೆಸರಿಲ್ಲ’, ಎನೆಬಿಷ್ ಎಂದರೆ ‘ಇದಲ್ಲ’, ತೆರ್‌ಬಿಷ್ ಎಂದರೆ ‘ಅದಲ್ಲ’, ಖುನ್‌ಬಿಷ್ ಎಂದರೆ ‘ಮನುಷ್ಯನಲ್ಲ’. ಕೂಸನ್ನು ಹುಡುಕಿಕೊಂಡು ಬಂದ ದುಷ್ಟಶಕ್ತಿ ‘ಇದಲ್ಲ’ ಎಂದು ಕೇಳಿ ಮುಂದೆ ಹೋಗಲಿ ಎಂಬ ಆಸೆ. ಇವು ಬರೀ ಅಡ್ಡಹೆಸರಲ್ಲ, ದೊಡ್ಡವರಾದ ಮೇಲೂ ದಾಖಲೆಯಲ್ಲಿ ಉಳಿಯುವ ಹೆಸರುಗಳು. ನೈಜೀರಿಯಾದ ಯೊರುಬಾ ಜನರಲ್ಲಿ, ಸತ್ತು ಮತ್ತೆ ಮತ್ತೆ ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟುವ ಕೂಸಿಗೆ ‘ಅಬಿಕು’ ಎನ್ನುತ್ತಾರೆ. ಅಂಥ ಕೂಸಿಗೆ ಮಾಲೊಮೊ, ‘ಮತ್ತೆ ಹೋಗಬೇಡ’ ಎಂಬ ಹೆಸರು. ಇನ್ನೊಂದು ಕೊಸೊಕೊ, ‘ಗುದ್ದಲಿ ಇಲ್ಲ’. ಕುಣಿ ತೋಡಲು ಮನೆಯಲ್ಲಿ ಗುದ್ದಲಿಯೇ ಇಲ್ಲ, ಆದ್ದರಿಂದ ನೀನು ಸಾಯುವ ಹಾಗಿಲ್ಲ ಎಂದು ಕೂಸಿಗೆ ಹೇಳುವ ಹೆಸರದು. ಎಷ್ಟು ಕೂಸುಗಳನ್ನು ಮಣ್ಣು ಮಾಡಿದ ಮೇಲೆ ಇಂಥ ಹೆಸರು ಬಾಯಿಗೆ ಬಂದಿರಬೇಕು! ಚೀನಾದ ಹಳ್ಳಿಗಳಲ್ಲಿ ಗೌಡಾನ್, ಅಕ್ಷರಶಃ ‘ನಾಯಿಮೊಟ್ಟೆ’, ಎಂದು ಗಂಡುಮಕ್ಕಳನ್ನು ಕರೆಯುತ್ತಿದ್ದರು. ಅದು ಮನೆಯೊಳಗಿನ ಹಾಲುಹೆಸರು, ಅಂದರೆ ಕೂಸಿದ್ದಾಗ ಕರೆಯುವ ಹೆಸರು. ದಾಖಲೆಗೆ ಬೇರೆ ಹೆಸರಿರುತ್ತಿತ್ತು.

ಇದರ ಪಕ್ಕದಲ್ಲೇ ಇನ್ನೊಂದು ಬಗೆಯ ಹೆಸರುಗಳಿವೆ. ಅವನ್ನು ಕೂಸು ಉಳಿಯಲೆಂದು ಇಟ್ಟ ಹೆಸರುಗಳ ಜೊತೆ ಬೆರೆಸಬೇಡಿ. ಹೆಣ್ಣು ಸಾಕು ಎಂದು ಇಟ್ಟವು ಅವು. ಮಹಾರಾಷ್ಟ್ರದಲ್ಲಿ ‘ನಕುಶಾ’ ಎಂದರೆ ‘ಬೇಡವಾದವಳು’. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಆ ಹೆಸರಿನ 200ಕ್ಕೂ ಹೆಚ್ಚು ಹುಡುಗಿಯರಿಗೆ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು. ಬಂಗಾಳದ ‘ಆನ್ನಾಕಾಲಿ’ಯನ್ನು ‘ಇನ್ನು ಬೇಡ, ಕಾಳಿ’ ಎಂದು ಬಿಡಿಸುತ್ತಾರೆ. ನಮ್ಮ ಸಾಕಮ್ಮ ಮಾತ್ರ ಎರಡೂ ಕಡೆ ಹೊರಳುತ್ತದೆ. ‘ಸಾಕು’ ಎಂದರೆ ಇನ್ನು ಬೇಡ ಎಂದೂ ಆಗುತ್ತದೆ, ಸಲಹು ಎಂದೂ ಆಗುತ್ತದೆ. ಮನೆಯವರನ್ನು ಕೇಳದೆ ಸಾಕಮ್ಮನ ಅರ್ಥ ತೀರ್ಮಾನಿಸಬಾರದು.

ಮುದಗಲ್ ಕಡೆ ಹಿಂದೂ ಮನೆಗಳಲ್ಲಿ ಹುಸೇನಪ್ಪ, ಫಕೀರಪ್ಪ ಅಂತ ಇರುತ್ತಾರಲ್ಲ, ಯಾಕೆ?
— ಲಿಂಗಸುಗೂರು

ಮೊಹರಂ ಹರಕೆಯಿಂದ. ಅಲಾಯಿ ದೇವರಿಗೆ ಬೇಡಿಕೊಂಡು ಮಕ್ಕಳಾದವರು ಆ ಹೆಸರನ್ನೇ ಇಡುತ್ತಾರೆ. ಹುಸೇನ್ ಅರಬ್ಬಿಯ ‘ಹಸನ್’ ಎಂಬುದರ ಮುದ್ದಿನ ಕಿರುರೂಪ. ಹಸನ್ ಎಂದರೆ ಒಳ್ಳೆಯ, ಚೆಂದದ. ಫಕೀರ್ ಎಂದರೆ ಬಡವ. ಅದಕ್ಕೆ ನಮ್ಮ ‘ಅಪ್ಪ’ ಸೇರಿದೆ. ಹುಲಿಗಿಯ ಹುಲಿಗೆಮ್ಮನಿಂದ ಹುಲಗಪ್ಪ, ಕೊಪ್ಪಳದ ಗವಿಮಠದಿಂದ ಗವಿಸಿದ್ದಪ್ಪ ಆದ ಹಾಗೆಯೇ ಇದೂ.

ಕೋಫಿ ಅನ್ನಾನ್ ಹೆಸರು ವಾರದ ಹೆಸರಂತೆ, ನಿಜವೇ? ಶುಕ್ರವಾರ ಹುಟ್ಟಿದ ಮೊಮ್ಮಗನಿಗೆ ಹಾಗೆ ಏನಾದರೂ ಇಡಬಹುದೇ?
— ಗಂಗಾವತಿ

ನಿಜ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಅವರು ಹುಟ್ಟಿದ್ದು 1938ರ ಏಪ್ರಿಲ್ 8ರಂದು, ಶುಕ್ರವಾರ. ಘಾನಾ ದೇಶದ ಅಕಾನ್ ಜನರಲ್ಲಿ ಶುಕ್ರವಾರದ ಗಂಡುಮಗು ಕೋಫಿ, ಹೆಣ್ಣುಮಗು ಅಫುವಾ ಅಥವಾ ಎಫುವಾ. ಗಂಡುಮಕ್ಕಳಿಗೆ ಭಾನುವಾರದಿಂದ ಶುರುಮಾಡಿದರೆ ಕ್ವಾಸಿ, ಕೋಜೊ, ಕ್ವಾಬೆನಾ, ಕ್ವಾಕು, ಯಾವ್, ಕೋಫಿ, ಕ್ವಾಮೆ. ಹೆಣ್ಣುಮಕ್ಕಳಿಗೆ ಅಕೊಸುವಾ, ಅಜೊವಾ, ಅಬೆನಾ, ಅಕುವಾ, ಯಾ, ಅಫುವಾ, ಅಮಾ. ಗುಲಾಮರಾಗಿ ಸಾಗಿಸಲ್ಪಟ್ಟವರ ಜೊತೆ ಈ ಹೆಸರುಗಳು ಕಡಲು ದಾಟಿದವು. ಜಮೈಕಾದ ಬೆಟ್ಟಗಳಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿ 1739ರಲ್ಲಿ ಅವರನ್ನು ಒಪ್ಪಂದಕ್ಕೆ ತಂದ ನಾಯಕ ಕುಜೋ. ಸೋಮವಾರದ ಕೋಜೊ ಅಲ್ಲಿ ಹಾಗಾಯಿತು. ಎಲ್ಲ ಕಿತ್ತುಕೊಂಡರೂ ಹುಟ್ಟಿದ ವಾರವನ್ನು ಕಿತ್ತುಕೊಳ್ಳಲು ಆಗಲಿಲ್ಲ.

ಆಫ್ರಿಕಾದವರೆಗೆ ಹೋಗುವುದೂ ಬೇಡ. ಚಳಿಗಾಲದಲ್ಲಿ ನಮ್ಮ ಊರುಗಳಿಗೆ ಸ್ವೆಟರ್ ಮಾರಲು ಬರುವ ಟಿಬೆಟನ್ನರ ಹೆಸರು ಕೇಳಿ ನೋಡಿ. ಭಾನುವಾರ ನಿಮಾ, ಆಮೇಲೆ ದಾವಾ, ಮಿಗ್ಮಾರ್, ಲಾಕ್ಪಾ, ಫುರ್ಬು, ಪಾಸಂಗ್, ಶನಿವಾರ ಪೆಂಬಾ. ಗಂಡು, ಹೆಣ್ಣು ಇಬ್ಬರಿಗೂ ಒಂದೇ. ನಿಮಾ ಎಂದರೆ ಸೂರ್ಯ, ದಾವಾ ಎಂದರೆ ಚಂದ್ರ, ಮಿಗ್ಮಾರ್ ಎಂದರೆ ಮಂಗಳ ಗ್ರಹ. ನಮ್ಮ ವಾರಗಳ ಗ್ರಹಕ್ರಮವೇ ಅದು. ಮೊಮ್ಮಗನಿಗೆ ಪಾಸಂಗ್ ಒಪ್ಪುತ್ತದೆ.

ಎಡವುವುದು ಒಂದೇ ಕಡೆ. ಶುಕ್ರವಾರ ಎಂದು ಬರೆದಿದ್ದೀರಿ, ಹುಟ್ಟಿದ ಹೊತ್ತು ಬರೆದಿಲ್ಲ. ಜನನ ಪ್ರಮಾಣಪತ್ರದಲ್ಲಿ ದಿನ ಬದಲಾಗುವುದು ನಡುರಾತ್ರಿ 12ಕ್ಕೆ, ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ನಸುಕಿನ 3 ಗಂಟೆಗೆ ಹುಟ್ಟಿದ್ದರೆ ಆಸ್ಪತ್ರೆಯ ಚೀಟಿಯಲ್ಲಿ ಶುಕ್ರವಾರ, ಐನೋರ ಲೆಕ್ಕದಲ್ಲಿ ಇನ್ನೂ ಗುರುವಾರ. ಯಾವ ಲೆಕ್ಕ ಹಿಡಿಯುತ್ತೀರಿ ಎಂದು ತೊಟ್ಟಿಲಿಗೆ ಹಾಕುವ ಮೊದಲೇ ಮನೆಯವರೆಲ್ಲ ಒಪ್ಪಿಕೊಳ್ಳಿ.

ಅಂದಹಾಗೆ ‘ಅನ್ನಾನ್’ ಎಂಬುದೂ ನಾಲ್ಕನೆಯ ಮಗುವಿಗೆ ಇಡುವ ಹೆಸರು. ಬಾಲಿ ದ್ವೀಪದಲ್ಲಿ ಇದನ್ನೇ ಪೂರ್ತಿ ಪದ್ಧತಿ ಮಾಡಿಕೊಂಡಿದ್ದಾರೆ. ಮೊದಲ ಮಗು ವಯಾನ್, ಎರಡನೆಯದು ಮಾದೆ, ಮೂರನೆಯದು ಞೋಮನ್, ನಾಲ್ಕನೆಯದು ಕೆತುತ್. ಐದನೆಯದು ಹುಟ್ಟಿದರೆ ಮತ್ತೆ ವಯಾನ್. ಮುಂದೆ ‘ಇ’ ಬಂದರೆ ಗಂಡು, ‘ನಿ’ ಬಂದರೆ ಹೆಣ್ಣು. ನಮ್ಮಲ್ಲಿ ದೊಡ್ಡ ಹುಲಗಪ್ಪ, ಸಣ್ಣ ಹುಲಗಪ್ಪ ಎಂಬಲ್ಲಿಗೆ ನಿಂತದ್ದು ಅಲ್ಲಿ ನಾಲ್ಕರವರೆಗೆ ಹೋಗಿದೆ.

ಮಗಳಿಗೆ ಕಿಯಾರಾ ಅಥವಾ ಮೈರಾ ಇಡಬೇಕೆಂದಿದ್ದೇವೆ. ಮೊಬೈಲಿನಲ್ಲಿ ನೋಡಿದರೆ ಒಂದೊಂದು ಕಡೆ ಒಂದೊಂದು ಅರ್ಥ. ಯಾವುದನ್ನು ನಂಬಬೇಕು?
— ರಾಯಚೂರು ನಗರ

ಕಿಯಾರಾದ ಅರ್ಥಗಳು ಹೊಡೆದಾಡಲು ಕಾರಣವಿದೆ. ಐರಿಷ್ ಭಾಷೆಯ ‘ಕಿಯರ್’ ಎಂದರೆ ಕಪ್ಪು, ಅದರಿಂದ ಬಂದ ಹೆಣ್ಣುಹೆಸರು ಕೀರಾ. ಇಟಲಿಯ ಕಿಯಾರಾ ಲ್ಯಾಟಿನ್ನಿನ ‘ಕ್ಲಾರಾ’ದಿಂದ ಬಂದದ್ದು, ಅರ್ಥ ಬೆಳಕುಳ್ಳವಳು. ಕಪ್ಪು, ಬೆಳಕು ಎರಡೂ ಒಂದೇ ಪಟ್ಟಿಯಲ್ಲಿ ಬಂದು ಕುಳಿತಿವೆ. ಉಚ್ಚಾರಕ್ಕೆ ಹತ್ತಿರದ್ದು ಇಟಲಿಯದು, ನೀವು ಬೆಳಕಿನ ಅರ್ಥವನ್ನೇ ಇಟ್ಟುಕೊಳ್ಳಿ. ಸಂಸ್ಕೃತವಂತೂ ಅಲ್ಲ. ಮೈರಾ ಎಂಬುದನ್ನು ಇಂಗ್ಲಿಷ್ ಕವಿ ಫುಲ್ಕ್ ಗ್ರೆವಿಲ್ (1554–1628) ತನ್ನ ಪದ್ಯಗಳ ನಾಯಕಿಗೆ ಇಟ್ಟ, ಅಲ್ಲಿಂದ ಬಳಕೆಗೆ ಬಂತು. ಕವಿ ಕಟ್ಟಿದ ಹೆಸರಾದರೆ ಅದರಲ್ಲಿ ಕುಂದೇನೂ ಇಲ್ಲ. ವನೆಸ್ಸಾ ಎಂಬುದನ್ನೂ ಜೊನಾಥನ್ ಸ್ವಿಫ್ಟ್ ತನ್ನ ಗೆಳತಿಯ ಮನೆತನದ ಮೊದಲ ತುಣುಕಿಗೆ ಅವಳ ಹೆಸರಿನ ಮುದ್ದುರೂಪ ಸೇರಿಸಿ ಕಟ್ಟಿದ್ದು.

ಯಾವುದೇ ಹೆಸರು ಪರೀಕ್ಷಿಸಲು ಮೊದಲು ಭಾಷೆ ಯಾವುದೆಂದು ಗೊತ್ತುಮಾಡಿಕೊಳ್ಳಿ. ‘ಭಾರತೀಯ’, ‘ಆಫ್ರಿಕನ್’ ಎಂದಷ್ಟೇ ಬರೆದಿದ್ದರೆ ಬಿಟ್ಟುಬಿಡಿ, ಅವು ಭಾಷೆಗಳಲ್ಲ. ಸಂಸ್ಕೃತ ಎಂದಿದ್ದರೆ ದೇವನಾಗರಿಯಲ್ಲೋ ಕನ್ನಡದಲ್ಲೋ ಹ್ರಸ್ವ–ದೀರ್ಘ, ಅಲ್ಪಪ್ರಾಣ–ಮಹಾಪ್ರಾಣ ಸಮೇತ ಬರೆದುಕೊಂಡು ನಿಘಂಟಿನಲ್ಲಿ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ‘ಅ’ ಮತ್ತು ‘ಆ’ ಒಂದೇ ಆಗುತ್ತವೆ, ‘ತ’ ಮತ್ತು ‘ಟ’ ಒಂದೇ ಆಗುತ್ತವೆ. ಸುಳ್ಳು ಅರ್ಥಗಳಲ್ಲಿ ಅರ್ಧದಷ್ಟು ಹುಟ್ಟುವುದು ಅಲ್ಲೇ. ಕನ್ನಡದ್ದಾದರೆ ಕಿಟ್ಟೆಲ್ ಅವರ 1894ರ ನಿಘಂಟು ಈಗಲೂ ಕೈಕೊಡುವುದಿಲ್ಲ. ಒಂದೇ ಹೆಸರಿಗೆ ಐದು ಭಾಷೆ ತೋರಿಸಿ, ಐದರಲ್ಲೂ ‘ದೇವರ ವರ’, ‘ರಾಜಕುಮಾರಿ’ ಎಂದಿರುವ ಪಟ್ಟಿಯನ್ನು ನಂಬಲೇಬೇಡಿ.

ಸಿಂಧನೂರಿನ ಆರ್‌.ಎಚ್‌. ಕ್ಯಾಂಪಿನ (ಪುನರ್ವಸತಿ ಶಿಬಿರ) ಬಂಗಾಳಿ ಹುಡುಗನನ್ನು ಮನೆಯಲ್ಲಿ ಖೋಕಾ ಅಂತಾರೆ, ಶಾಲೆಯಲ್ಲಿ ಬೇರೆ ಹೆಸರಿದೆ. ಯಾವುದು ಸರಿ?
— ಸಿಂಧನೂರು

ಎರಡೂ ಸರಿ. ಬಂಗಾಳಿಗಳಲ್ಲಿ ಕರೆಯುವ ಹೆಸರು ‘ಡಾಕ್‌ನಾಮ್’, ದಾಖಲೆಯ ಹೆಸರು ‘ಭಾಲೋನಾಮ್’. ಖೋಕಾ ಎಂದರೆ ಪುಟ್ಟ ಹುಡುಗ. ಅರವತ್ತು ದಾಟಿದರೂ ಮನೆಯವರಿಗೆ ಖೋಕಾನೇ. ಹೊರಗಿನವರು ಭಾಲೋನಾಮ್ ಬಳಸುವುದು ಮರ್ಯಾದೆ.

ಸರ್ಕಾರ ‘ಈ ಹೆಸರು ಇಡಬೇಡಿ’ ಅನ್ನುವ ದೇಶಗಳಿವೆಯೇ?
— ಬಳ್ಳಾರಿ

ಇವೆ. ಐಸ್‌ಲ್ಯಾಂಡ್‌ನಲ್ಲಿ 1991ರಿಂದ ಹೆಸರುಗಳ ಸಮಿತಿಯೇ ಇದೆ. ಪಟ್ಟಿಯಲ್ಲಿಲ್ಲದ ಹೆಸರಾದರೆ ಅದಕ್ಕೆ ಅವರ ಭಾಷೆಯ ವಿಭಕ್ತಿ ಪ್ರತ್ಯಯ ಹತ್ತಬೇಕು, ಅವರ ಲಿಪಿಯಲ್ಲಿ ಬರೆಯಲು ಬರಬೇಕು. ತಂಗಾಳಿ ಎಂಬ ಅರ್ಥದ ‘ಬ್ಲೈರ್’ ವ್ಯಾಕರಣದಲ್ಲಿ ಪುಲ್ಲಿಂಗವೆಂದು ಒಬ್ಬ ಹುಡುಗಿಗೆ ನಿರಾಕರಿಸಿದ್ದರು. ದಾಖಲೆಗಳಲ್ಲಿ ಅವಳ ಹೆಸರಿನ ಜಾಗದಲ್ಲಿ ‘ಹುಡುಗಿ’ ಎಂದಷ್ಟೇ ಇತ್ತು. 2013ರಲ್ಲಿ ಕೋರ್ಟ್ ಅವಳ ಪರ ತೀರ್ಪು ಕೊಟ್ಟಿತು. ಜಪಾನಿನಲ್ಲಿ ಹೆಸರಿಗೆ ಬಳಸಬಹುದಾದ ಚಿತ್ರಾಕ್ಷರಗಳಿಗೆ ಮಿತಿಯಿದೆ: ಸಾಮಾನ್ಯ ಬಳಕೆಯ 2,136, ಮೇಲೆ ಹೆಸರಿಗೆಂದೇ ಇನ್ನೂ 800ಕ್ಕೂ ಹೆಚ್ಚು. 1993ರಲ್ಲಿ ಟೋಕಿಯೊ ಬಳಿಯ ಅಕಿಶಿಮಾದಲ್ಲಿ ಮಗುವಿಗೆ ‘ಅಕುಮಾ’, ಅಂದರೆ ದೆವ್ವ, ಎಂದಿಟ್ಟಾಗ ಅಕ್ಷರಗಳೆರಡೂ ಪಟ್ಟಿಯಲ್ಲಿದ್ದರೂ ನಗರಸಭೆ ತಕರಾರು ತೆಗೆಯಿತು. ಕೊನೆಗೆ ಬೇರೆ ಹೆಸರಾಯಿತು. ಅಕ್ಷರ ಒಂದು, ಓದುವುದೇ ಇನ್ನೊಂದು ಎಂಬಂಥ ಹೆಸರುಗಳು ಹೆಚ್ಚಾದ್ದರಿಂದ 2025ರ ಮೇ ತಿಂಗಳಿಂದ ಉಚ್ಚಾರವನ್ನೂ ಅಲ್ಲಿ ನೋಂದಾಯಿಸಬೇಕು. ನ್ಯೂಜಿಲೆಂಡಿನಲ್ಲಿ 2008ರಲ್ಲಿ ‘ಹವಾಯಿಯ ತಲುಲಾ ಹುಲಾ ಕುಣಿಯುತ್ತಾಳೆ’ ಎಂಬ ಅರ್ಥದ ಇಡೀ ವಾಕ್ಯವೇ ಹೆಸರಾಗಿದ್ದ ಒಂಬತ್ತು ವರ್ಷದ ಹುಡುಗಿಯನ್ನು ನ್ಯಾಯಾಧೀಶರು ಕೋರ್ಟಿನ ರಕ್ಷಣೆಗೆ ತೆಗೆದುಕೊಂಡು ಹೆಸರು ಬದಲಿಸಲು ದಾರಿ ಮಾಡಿದರು. ಭಾರತದಲ್ಲಿ ಇಂಥ ಪಟ್ಟಿಯಿಲ್ಲ. ಜವಾಬ್ದಾರಿಯೆಲ್ಲ ತಂದೆತಾಯಿಯದೇ.

ಮಗುವಿಗೆ 14 ತಿಂಗಳು. ಜನನ ಪ್ರಮಾಣಪತ್ರದಲ್ಲಿ ಹೆಸರಿಲ್ಲ. ಈಗ ಸೇರಿಸಬಹುದೇ? ಮನೆಯವರು ದುಬೈನಲ್ಲಿದ್ದಾರೆ, ಮುಂದೆ ಪಾಸ್‌ಪೋರ್ಟೂ ಮಾಡಿಸಬೇಕು.
— ಕುಷ್ಟಗಿ

ಸೇರಿಸಬಹುದು. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಜನನ ಎಲ್ಲಿ ನೋಂದಣಿಯಾಗಿದೆಯೋ ಆ ನೋಂದಣಾಧಿಕಾರಿಯ ಬಳಿಗೇ ಹೋಗಬೇಕು. ಹೆರಿಗೆ ತವರಿನಲ್ಲಿ ಆಗಿದ್ದರೆ ತವರೂರಿಗೇ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಈ ಪತ್ರವೇ ಆಧಾರ, ತಡಮಾಡಬೇಡಿ.

ಹೋಗುವಾಗ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದೊಯ್ಯಿರಿ. ಬಾಯಲ್ಲಿ ಹೇಳಿದರೆ ಟೈಪು ಮಾಡುವವರು ಕೇಳಿದಂತೆ ಹೊಡೆಯುತ್ತಾರೆ. ಗವಿಸಿದ್ದಪ್ಪನಿಗೆ ‘ಡಿ’ ಒಂದೋ ಎರಡೋ, ಎರ್ರಿಸ್ವಾಮಿ ‘ಈ’ಯಿಂದ ಶುರುವೋ ‘ವೈ’ಯಿಂದಲೋ, ಹುಲಿಗೆಮ್ಮನೋ ಹುಲಗೆಮ್ಮನೋ ಎಂಬುದು ಇಲ್ಲಿ ನಿಂತುಬಿಟ್ಟರೆ ಮುಂದೆ ಆಧಾರ್, ಅಂಕಪಟ್ಟಿ ಎಲ್ಲ ಅದನ್ನೇ ಹಿಡಿಯುತ್ತವೆ. ಮುದ್ರಿಸುವ ಮೊದಲು ಪರದೆಯ ಮೇಲೆ ತೋರಿಸಿರೆಂದು ಕೇಳಿ, ತಂದೆತಾಯಿಯ ಹೆಸರನ್ನೂ ಓದಿ ನೋಡಿ.

ಪಾಸ್‌ಪೋರ್ಟಿಗೆ ಇನ್ನೆರಡು ಮಾತು. ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಖಾನೆಯನ್ನು ಖಾಲಿ ಬಿಡಬೇಡಿ. ಮನೆತನದ ಅಡ್ಡಹೆಸರು ಇದ್ದರೆ ಅದನ್ನು, ಇಲ್ಲದಿದ್ದರೆ ತಂದೆಯ ಹೆಸರನ್ನು ಹಾಕಿ. ಅದು ಜನನ ಪ್ರಮಾಣಪತ್ರದಲ್ಲೂ ಹಾಗೆಯೇ ಇರಲಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರನ್ನು 2022ರ ನವೆಂಬರ್‌ನಿಂದ ದುಬೈ ಇರುವ ಯುಎಇ ದೇಶ ಭೇಟಿ ವೀಸಾ ಮೇಲೆ ಒಳಗೆ ಬಿಡಲು ತಕರಾರು ಮಾಡುತ್ತಿದೆ. ಉದ್ದದ ಹೆಸರಾದರೆ ಎಣಿಸಿ ನೋಡಿ: ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗೆ ಯಂತ್ರ ಓದುವ ಸಾಲಿನಲ್ಲಿ ಹೆಸರಿಗೆ ಇರುವುದು ನಡುವಿನ ಗುರುತುಗಳೂ ಸೇರಿ 39 ಜಾಗ. ಅದಕ್ಕಿಂತ ಹೆಚ್ಚಾದದ್ದು ಆ ಸಾಲಿನಲ್ಲಿ ತುಂಡಾಗುತ್ತದೆ.