ಬ್ರೀದರ್‌ನಿಂದ ಗೇರ್ ಆಯಿಲ್ ಬರ್ತಿದ್ದರೆ ಮೊದಲು ಲೆವೆಲ್ ನೋಡಿ

ಆಯಿಲ್ ಬದಲಾಯಿಸಿದ ವಾರಕ್ಕೇ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಮೇಲಿನ ಬ್ರೀದರ್‌ನಿಂದ (ಒಳಗಿನ ಬಿಸಿ ಗಾಳಿ ಹೊರಹೋಗುವ ಸಣ್ಣ ಕಿಂಡಿ) ಎಣ್ಣೆ ಬರ್ತಿದೆ, ಬಿಚ್ಚಿಸಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬಿಚ್ಚಿಸಬೇಡಿ. ಸಾಮಾನ್ಯವಾಗಿ ಆಯಿಲ್ ಜಾಸ್ತಿ ಆಗಿರುತ್ತದೆ. ಎಣ್ಣೆ ತುಂಬುವ ತೂತಿರುವ ಕಡೆ ಮಾತ್ರ ಜಾಕ್ ಎತ್ತಿ ತುಂಬಿದರೆ ಹೀಗೇ ಆಗೋದು, ನನ್ನ ಗಾಡಿಗೂ ಆಗಿತ್ತು.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ತಣ್ಣಗಾದ ಮೇಲೆ ಗೇರ್‌ಬಾಕ್ಸ್ ಪಕ್ಕದ ಫಿಲ್ಲರ್ ಪ್ಲಗ್ (ಎಣ್ಣೆ ತುಂಬುವ ತೂತಿನ ಮುಚ್ಚಳ) ತೆಗೆಯಿರಿ. ಹೆಚ್ಚಿನ ಗಾಡಿಗಳಲ್ಲಿ ಆ ತೂತಿನ ಕೆಳ ಅಂಚೇ ಸರಿಯಾದ ಲೆವೆಲ್. ಜಾಸ್ತಿ ಇದ್ದದ್ದು ಧಾರೆಯಾಗಿ ಸುರಿದು, ಕೊನೆಗೆ ಹನಿ ಹನಿ ತೊಟ್ಟಿಕ್ಕುತ್ತದೆ. ಆಗ ಮುಚ್ಚಿ. ಇಳಿದ ಎಣ್ಣೆ ಹಾಲು ಹಾಕಿದ ಟೀ ಬಣ್ಣ ಇದ್ದರೆ ನೀರು ಸೇರಿದೆ, ಪೂರ್ತಿ ಬದಲಾಯಿಸಿ.

ಬ್ರೀದರ್‌ಗೆ ಮಣ್ಣು ಕಟ್ಟಿದ್ದರೆ ತೊಳೆಯಿರಿ. ಸೋರುತ್ತೆ ಅಂತ ಅದನ್ನು ಮಾತ್ರ ಮುಚ್ಚಲೇಬೇಡಿ! ಬಿಸಿ ಗಾಳಿಗೆ ದಾರಿ ಇಲ್ಲದೆ ಆಕ್ಸಲ್ ಸೀಲ್‌ನಿಂದ (ಆಕ್ಸಲ್ ಸುತ್ತ ಎಣ್ಣೆ ತಡೆಯುವ ರಬ್ಬರ್ ರಿಂಗ್) ಎಣ್ಣೆ ಹೊರಬೀಳುತ್ತದೆ. ಚೆನ್ನಾಗಿ ಒರೆಸಿ, 100 ಕಿ.ಮೀ. ಓಡಿಸಿ ಮತ್ತೆ ನೋಡಿ.