ಘಾಟಿಯಲ್ಲಿ ಮೀಟರ್ ಲೈಟೆಲ್ಲ ಒಟ್ಟಿಗೆ ಹತ್ತಿತು, ಇಸಿಯು ಬದಲಿಸಬೇಕಾ?

ಪ್ರಶ್ನೆ: ನನ್ನದು ಆರು ವರ್ಷ ಹಳೆಯ ಪೆಟ್ರೋಲ್ ಕಾರು, ಮ್ಯಾನುಯಲ್ ಗೇರ್. ಕಳೆದ ತಿಂಗಳು ರಾತ್ರಿ ಶಿರಾಡಿ ಘಾಟಿ ಇಳಿಯುತ್ತಿದ್ದೆ. ಚಕ್ರ ಗುಂಡಿಗೆ ಬಿದ್ದದ್ದೇ ತಡ, ಹೆಡ್‌ಲೈಟ್ ಮಿಣುಕಿತು, ಮೀಟರ್‌ನ ಲೈಟೆಲ್ಲ ಹತ್ತಿದವು. ಎಂಜಿನ್ ಆಫ್, ಸ್ಟೇರಿಂಗ್ ಕಲ್ಲು. ಹೇಗೋ ಬದಿಗೆ ತಂದೆ. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗದ ಹಾಗೆ ಓಡಿತು. ಸರ್ವಿಸ್ ಸೆಂಟರಿನವರು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಬದಲಿಸಿ ನೋಡೋಣ, 45 ಸಾವಿರ ಆಗುತ್ತದೆ ಅನ್ನುತ್ತಾರೆ. ಹಾಕಿಸಲೇ? ಎರಡು ವಾರ ಮೊದಲು ಹೊಸ ಬ್ಯಾಟರಿ ಹಾಕಿಸಿದ್ದು ಬಿಟ್ಟರೆ ಬೇರೆ ಕೆಲಸ ಮಾಡಿಸಿಲ್ಲ.
– ಪುತ್ತೂರಿನ ಓದುಗರು

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಪತ್ರದ ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ.

ಮನೆಯ ದೀಪವೆಲ್ಲ ಒಟ್ಟಿಗೆ ಆರಿದರೆ ನಾವು ಬಲ್ಬ್ ಬಿಚ್ಚಿ ನೋಡುವುದಿಲ್ಲ, ಫ್ಯೂಸ್ ನೋಡುತ್ತೇವೆ ಅಲ್ವಾ? ಇಲ್ಲೂ ಅಷ್ಟೇ. ಎಂಜಿನ್ ತಾನಾಗಿ ನಿಂತರೂ ಮೀಟರ್‌ನಲ್ಲಿ ಕೆಲವು ಲೈಟ್ ಹತ್ತುತ್ತವೆ, ಸ್ಟೇರಿಂಗ್ ಗಟ್ಟಿಯಾಗುತ್ತದೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಆದರೆ ನಿಮ್ಮ ಹೆಡ್‌ಲೈಟ್ ಮಿಣುಕಿದೆ, ಅದೂ ಗುಂಡಿಗೆ ಬಿದ್ದ ಕ್ಷಣದಲ್ಲೇ. ಹಾಗಾಗಿ ನನ್ನ ಮೊದಲ ಅನುಮಾನ ಬ್ಯಾಟರಿ ಟರ್ಮಿನಲ್ ಮೇಲೆ, ಆಮೇಲೆ ಬ್ಯಾಟರಿಯ ಮೈನಸ್ಸನ್ನು ಬಾಡಿಗೂ ಎಂಜಿನ್ನಿಗೂ ಸೇರಿಸುವ ಅರ್ತ್ ವೈರ್ ಮೇಲೆ. ಹೆಡ್‌ಲೈಟ್ ಸ್ಥಿರವಾಗಿದ್ದು, ಬಿಸಿ ಎಂಜಿನ್ ಸುಮ್ನೆ ನಿಂತು ತಣ್ಣಗಾದ ಮೇಲೆ ಸ್ಟಾರ್ಟ್ ಆಗಿದ್ದರೆ ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಕಡೆ ಬೆರಳು ತೋರಿಸುತ್ತಿದ್ದೆ.

ಎಂಜಿನ್ ಓಡುವಾಗ ಕರೆಂಟ್ ಕೊಡುವುದು ಆಲ್ಟರ್ನೇಟರ್ ತಾನೇ, ಬ್ಯಾಟರಿ ಸಡಿಲವಾದರೆ ಏನಾಯಿತು ಅನ್ನಬಹುದು. ಆಲ್ಟರ್ನೇಟರಿನ ಏರಿಳಿತವನ್ನು ತಡೆದುಕೊಳ್ಳುವುದೇ ಬ್ಯಾಟರಿ. ಅದರ ಸಂಪರ್ಕ ತಪ್ಪಿದರೆ ವೋಲ್ಟೇಜ್ ಒಮ್ಮೆ ಕುಸಿಯುತ್ತದೆ, ಒಮ್ಮೆ ಕ್ಷಣಕಾಲ 30 ವೋಲ್ಟ್ ದಾಟಲೂಬಹುದು. ಒಳಗಿನ ಕಂಪ್ಯೂಟರುಗಳು ರೀಸೆಟ್ ಆಗದೆ ಏನು ಮಾಡಿಯಾವು? ಹಳೆಯ ಮೆಕ್ಯಾನಿಕ್‌ಗಳು ಎಂಜಿನ್ ಓಡುವಾಗಲೇ ಟರ್ಮಿನಲ್ ಕಿತ್ತು ಆಲ್ಟರ್ನೇಟರ್ ಪರೀಕ್ಷೆ ಮಾಡುತ್ತಿದ್ದರು. ನಿಮ್ಮ ಗಾಡಿಗೆ ಯಾರಾದರೂ ಹಾಗೆ ಮಾಡಲು ಹೊರಟರೆ ಕೈ ಹಿಡಿದು ನಿಲ್ಲಿಸಿ.

ಎಂಜಿನ್ ಆಫ್ ಮಾಡಿ ಟರ್ಮಿನಲ್ ಹಿಡಿದು ತಿರುಗಿಸಿ ನೋಡಿ. ಕೈಯಲ್ಲಿ ಅಲುಗಿದರೆ ಸಡಿಲ ಎಂದೇ ಅರ್ಥ. ಆಮೇಲೆ ಮಲ್ಟಿಮೀಟರ್ ಇಟ್ಟು ಅಳೆಯಿರಿ. ಗಾಡಿ ರಾತ್ರಿಯಿಡೀ ನಿಂತಿದ್ದರೆ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಸ್ಟಾರ್ಟ್ ಮಾಡುವ ಹೊತ್ತಿಗೆ ಬ್ಯಾಟರಿಯ ಮೈನಸ್‌ಗೂ ಎಂಜಿನ್ ಬ್ಲಾಕ್‌ಗೂ ನಡುವೆ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಕೆಟ್ಟಿದೆ. ಕರಾವಳಿಯ ಉಪ್ಪುಗಾಳಿಗೆ, ಮಳೆಗೆ ಅದರ ಬೋಲ್ಟ್ ತುಕ್ಕು ಹಿಡಿಯುವುದು ಹೊಸದೇನಲ್ಲ.

ಇದೆಲ್ಲ ಸರಿಯಿದ್ದರೆ ಇಲಿ ನೋಡಿ. ನಗಬೇಡಿ, ತೋಟದ ಮನೆಗಳ ಕಾರುಗಳಲ್ಲಿ ವೈರ್ ಕಡಿಯುವುದು ಅದರ ನಿತ್ಯದ ಉದ್ಯೋಗ. ಇಸಿಯು, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡುವ ಎಬಿಎಸ್ ಇವೆಲ್ಲ ಮಾತಾಡಿಕೊಳ್ಳುವುದು ಒಂದಕ್ಕೊಂದು ಹೆಣೆದ ಎರಡು ಸಪೂರ ವೈರಿನಲ್ಲಿ. ಕ್ಯಾನ್ ಎಂಬ ಈ ವ್ಯವಸ್ಥೆಯನ್ನು ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿತು. ಬ್ಯಾಟರಿ ಕಳಚಿ ಆ ಎರಡು ವೈರುಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಎಲ್ಲೋ ಕಡಿದಿದೆ. ಇದನ್ನು ಮೆಕ್ಯಾನಿಕ್ಕಿನಿಂದಲೇ ಮಾಡಿಸಿ.

ಸ್ಕ್ಯಾನ್‌ನಲ್ಲಿ ಯಾವ ಕೋಡ್ (ದೋಷದ ಸಂಕೇತ) ಬಂತು ಎಂದು ಬರೆಸಿಕೊಳ್ಳಿ. ಪಿ0562 ಅಂದರೆ ವೋಲ್ಟೇಜ್ ಕಡಿಮೆ, ಯು0100 ಅಂದರೆ ಎಂಜಿನ್ ಇಸಿಯು ಜೊತೆ ಮಾತು ನಿಂತಿದೆ. ಇಸಿಯು ಕೆಟ್ಟಿದೆ ಎಂದು ಎರಡೂ ಹೇಳುವುದಿಲ್ಲ. ಮಾತು ನಿಲ್ಲುವುದಕ್ಕೆ ವೈರೂ ಕಾರಣವಾಗಬಹುದು. "ಬದಲಿಸಿ ನೋಡೋಣ" ಅನ್ನುವವರಿಗೆ ನೋಡುವ ಖರ್ಚು ನಿಮ್ಮದು ಅನ್ನುವುದು ನೆನಪಿರುವುದಿಲ್ಲ.

ಓಡುವಾಗ ಮತ್ತೊಮ್ಮೆ ಎಂಜಿನ್ ಆಫ್ ಆದರೆ? ಗೇರ್ ತೆಗೆಯಬೇಡಿ, ಇಳಿಜಾರಿನಲ್ಲಿ ಅದೇ ಗಾಡಿಯನ್ನು ಹಿಡಿದಿಡುತ್ತದೆ. ಪೆಡಲನ್ನು ಹಗುರ ಮಾಡುವ ಬ್ರೇಕಿನ ಬೂಸ್ಟರಿನಲ್ಲಿ ಎರಡು ಮೂರು ಸಲಕ್ಕಾಗುವಷ್ಟು ಬಲ ಮಾತ್ರ ಉಳಿದಿರುತ್ತದೆ. ಹಾಗಾಗಿ ಪದೇ ಪದೇ ಒತ್ತದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಸ್ಟೇರಿಂಗ್ ಭಾರವಾದರೂ ತಿರುಗುತ್ತದೆ. ಗಾಡಿ ಪೂರ್ತಿ ನಿಲ್ಲುವ ತನಕ ಕೀ ತೆಗೆಯಲೇಬೇಡಿ, ಸ್ಟೇರಿಂಗ್ ಲಾಕ್ ಆದೀತು.

ಈಗ ಬ್ಯಾಟರಿ ಹಾಕಿಕೊಟ್ಟ ಅಂಗಡಿಗೇ ಹೋಗಿ. ಹತ್ತನೇ ನಂಬರ್ ಸ್ಪ್ಯಾನರ್ ತರಲು ಹೇಳಿ, ಎರಡೂ ಟರ್ಮಿನಲ್ ನಿಮ್ಮ ಎದುರಿಗೇ ಬಿಗಿಯಲಿ.