ಮೊಡವೆಗೆ ನೀಲಿ ಬೆಳಕಿನ ಮಾಸ್ಕ್ ತಗೊಳ್ಳಬಹುದಾ?

ಕೆನ್ನೆ ತುಂಬಾ ಮೊಡವೆ, ಆನ್‌ಲೈನ್‌ನಲ್ಲಿ ಸಿಗುವ, ಒಳಗೆ ಪುಟ್ಟ ದೀಪಗಳಿರುವ ಎಲ್‌ಇಡಿ ಮಾಸ್ಕ್ ತರಿಸಲಾ ಅಂತ ಕೇಳಿದ್ದೀರಿ. ನಾನು ಮಾಸ್ಕ್ ಕೊಂಡವಳಲ್ಲ. ಆದರೆ ಕ್ಲಿನಿಕ್‌ನಲ್ಲಿ ವಾರಕ್ಕೆರಡು ಸಲದಂತೆ ಎಂಟು ಸಲ ನೀಲಿ ಬೆಳಕಿನ ಕೆಳಗೆ ಮಲಗಿದ್ದೇನೆ. ಕಣ್ಣಿಗೆ ಕಪ್ಪು ಕನ್ನಡಕ ಕಟ್ಟುತ್ತಾರೆ, ಆದರೂ ಅಂಚಿನಿಂದ ನೀಲಿ ಇಣುಕುತ್ತಿರುತ್ತದೆ. ಇಪ್ಪತ್ತು ನಿಮಿಷ ಸುಮ್ನೆ ಬಿದ್ದುಕೊಂಡಿರಬೇಕು. ನೋವೇನೂ ಇಲ್ಲ, ಆಮೇಲೆ ಮುಖ ಸ್ವಲ್ಪ ಬಿಗಿದ ಹಾಗಾಗುತ್ತದೆ ಅಷ್ಟೇ.

ಇದು ಬರೀ ಗಿಮಿಕ್ ಅಲ್ಲ. ಮೊಡವೆಯ ಬ್ಯಾಕ್ಟೀರಿಯಾ ತನ್ನೊಳಗೆ ಪೋರ್ಫಿರಿನ್ ಅನ್ನೋ ವಸ್ತು ತಯಾರಿಸುತ್ತದೆ. ಸುಮಾರು 415 ನ್ಯಾನೊಮೀಟರ್‌ನ ತರಂಗಾಂತರದ ನೀಲಿ ಬೆಳಕು ಬಿದ್ದರೆ ಆ ಪೋರ್ಫಿರಿನ್ ಆಮ್ಲಜನಕವನ್ನು ಕೆರಳಿಸಿ ಬ್ಯಾಕ್ಟೀರಿಯಾವನ್ನೇ ಸಾಯಿಸುತ್ತದೆ. ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಹಾಗೆ! ಕೆಲವು ಮಾಸ್ಕ್‌ಗಳಲ್ಲಿರುವ ಕೆಂಪು ಬೆಳಕು ಇನ್ನೂ ಆಳಕ್ಕೆ ಇಳಿಯುತ್ತದೆ, ಊತ ಇಳಿಸೋಕೆ ಅದು.

ನನಗೆ ಕೆಂಪಗೆ ಊದಿದ ಮೊಡವೆಗಳು ನಿಜವಾಗಿಯೂ ಕಮ್ಮಿಯಾದವು. ಮೂಗಿನ ಮೇಲಿನ ಬ್ಲ್ಯಾಕ್‌ಹೆಡ್ಸ್ ಮಾತ್ರ ಇದ್ದ ಹಾಗೇ ಇದ್ದವು. ರಂಧ್ರ ಕಟ್ಟಿಕೊಂಡಿದ್ದನ್ನು ಬೆಳಕು ಬಿಡಿಸಲ್ಲ, ಅಲ್ವಾ? ನಿಲ್ಲಿಸಿ ಎರಡು ತಿಂಗಳಾಗುವಷ್ಟರಲ್ಲಿ ಕೆಂಪು ಮೊಡವೆಗಳೂ ವಾಪಸ್ ಬಂದವು. ಈ ಮಾತನ್ನು ಪ್ಯಾಕೇಜ್ ಮಾರುವಾಗ ನನಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ವಿಷಯ ನಮ್ಮಂಥ ಗೋಧಿ ಬಣ್ಣ, ಕಂದು ಬಣ್ಣದವರಿಗೆ. ನೀಲಿ ಬೆಳಕು ಇಂಥ ಚರ್ಮವನ್ನು ಕಪ್ಪಾಗಿಸಬಹುದು. ಮೊದಲೇ ಮೊಡವೆ ಹೋದ ಜಾಗದಲ್ಲಿ ಕಲೆ ಉಳಿಯುವ ಮುಖ ನಮ್ಮದು. ಭಂಗು ಇದ್ದರಂತೂ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಮೊಡವೆಗೆ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಮಾತ್ರೆ ನುಂಗುತ್ತಿದ್ದರೂ ಮೊದಲು ಹೇಳಿಬಿಡಿ, ಅದು ಚರ್ಮವನ್ನು ಬೆಳಕಿಗೆ ಸೂಕ್ಷ್ಮ ಮಾಡುತ್ತದೆ. ಕಣ್ಣಿನ ತೊಂದರೆ ಇರುವವರಿಗೆ ಅಪಾಯವಾಗಬಹುದು ಅಂತ 2019ರಲ್ಲಿ ಒಂದು ದೊಡ್ಡ ಕಂಪನಿ ತನ್ನ ಮನೆಬಳಕೆಯ ಮಾಸ್ಕನ್ನೇ ವಾಪಸ್ ತೆಗೆದುಕೊಂಡಿತ್ತು.

ನಾನಾಗಿದ್ದರೆ ಆ ದುಡ್ಡಲ್ಲಿ ಮೊದಲು ಚರ್ಮದ ಡಾಕ್ಟರ ಹತ್ತಿರ ಹೋಗುತ್ತಿದ್ದೆ. ನನಗೆ ಕೊನೆಗೆ ಹಿಡಿತಕ್ಕೆ ಬಂದಿದ್ದು ಅವರು ಬರೆದುಕೊಟ್ಟ ಎರಡು ಟ್ಯೂಬಿನಿಂದ. ಬೆಳಿಗ್ಗೆ ಬ್ಯಾಕ್ಟೀರಿಯಾ ಕೊಲ್ಲುವ ಬೆಂಜಾಯಿಲ್ ಪೆರಾಕ್ಸೈಡ್, ರಾತ್ರಿ ರಂಧ್ರ ಕಟ್ಟಿಕೊಳ್ಳದಂತೆ ಮಾಡುವ ಅಡಾಪಲೀನ್ ಬಟಾಣಿ ಕಾಳಿನಷ್ಟು. ಮೊದಲ ಮೂರು ವಾರ ಸಿಪ್ಪೆ ಏಳುತ್ತಿತ್ತು. ಗೊತ್ತಾಗುವಷ್ಟು ಬದಲಾವಣೆ ಕಂಡಿದ್ದು ಮೂರನೇ ತಿಂಗಳಲ್ಲಿ. ಅಂದ ಹಾಗೆ, ಬೆಂಜಾಯಿಲ್ ಹಚ್ಚಿದ ಮುಖವನ್ನು ಬಣ್ಣದ ಟವೆಲ್‌ನಲ್ಲಿ ಒರೆಸಬೇಡಿ. ನಮ್ಮಮ್ಮನ ನೀಲಿ ಟವೆಲ್ ಮೇಲೆ ಈಗಲೂ ನನ್ನ ಕೆನ್ನೆಯಷ್ಟಗಲದ ಎರಡು ಬಿಳಿ ಮಚ್ಚೆ ಇವೆ.